ಹಿತ್ತಲಲ್ಲಿ ಸಿಕ್ಕ ನಾಗರಹಾವಿನ ಮರಿ ಸಾಕಲು ಲೈಸೆನ್ಸ್ ಎಲ್ಲಿ ಸಿಗುತ್ತದೆ?

ಎಲ್ಲಿಯೂ ಸಿಗುವುದಿಲ್ಲ. ಮರಿಯನ್ನು ಗಾಜಿನ ತೊಟ್ಟಿಯಲ್ಲಿಟ್ಟು ಸಾಕುವ ಆಸೆಯಿದೆ, ಯಾವ ಕಚೇರಿಗೆ ಅರ್ಜಿ ಹಾಕಬೇಕು, ಫೀಸು ಎಷ್ಟು ಎಂದು ಕೇಳಿದ್ದೀರಿ. ನಮ್ಮ ನೆಲದ ವಿಷದ ಹಾವನ್ನು ಮನೆಯಲ್ಲಿ ಸಾಕಿಕೊಳ್ಳಲು ಭಾರತದಲ್ಲಿ ಖಾಸಗಿ ವ್ಯಕ್ತಿಗೆ ಲೈಸೆನ್ಸ್ ಎಂಬುದೇ ಇಲ್ಲ. ಹಾಗಾಗಿ ಅರ್ಜಿಯೂ ಇಲ್ಲ, ಫೀಸೂ ಇಲ್ಲ. ಮರಿ ಈಗ ನಿಮ್ಮ ಬಳಿಯೇ ಇದ್ದರೆ ಮುಂದಿನದ್ದನ್ನು ಆಮೇಲೆ ಓದಿ, ಮೊದಲು 1926ಕ್ಕೆ ಫೋನ್ ಮಾಡಿ. ಅದು ಕರ್ನಾಟಕ ಅರಣ್ಯ ಇಲಾಖೆಯ ಸಹಾಯವಾಣಿ. ಬೇರೆ ರಾಜ್ಯದಲ್ಲಿದ್ದರೆ ಹತ್ತಿರದ ಅರಣ್ಯ ಕಚೇರಿಗೆ ತಿಳಿಸಿ.

ಹಾವು ರಕ್ಷಣೆಯ ಕೆಲಸದಲ್ಲಿ ಇಲಾಖೆಯವರ ಜೊತೆ ಓಡಾಡುವವನು ನಾನು. ಈ ಪ್ರಶ್ನೆ ಕೇಳುವ ಹುಡುಗರಲ್ಲಿ ಹೆಚ್ಚಿನವರು ಹಾವನ್ನು ನಿಜವಾಗಿ ಪ್ರೀತಿಸುವವರೇ. ಕೋಲು ಹಿಡಿದು ಓಡಿ ಬರುವ ಜನರ ನಡುವೆ, ಸಾಕಬೇಕು ಅಂದವರನ್ನು ಗದರಿಸಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಕಾನೂನನ್ನು ಮುಚ್ಚಿಟ್ಟು ಮಾತಾಡಲೂ ಆಗುವುದಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ದೊಡ್ಡ ತಿದ್ದುಪಡಿಯಾಗಿ, ಅದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಾಗರಹಾವು, ಕಾಳಿಂಗ ಸರ್ಪ, ಕೊಳಕುಮಂಡಲ ಈಗ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ (ಪಟ್ಟಿಯಲ್ಲಿ) ಇವೆ, ಅಂದರೆ ಹುಲಿ, ಆನೆಗೆ ಇರುವಷ್ಟೇ ರಕ್ಷಣೆ. ಸೆಕ್ಷನ್ 9ರ ಪ್ರಕಾರ ಮೊದಲೆರಡು ಅನುಸೂಚಿಗಳ ಯಾವ ಪ್ರಾಣಿಯನ್ನೂ ಬೇಟೆಯಾಡುವಂತಿಲ್ಲ. ಈ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಹಿಡಿಯಲು ಯತ್ನಿಸುವುದು, ಸರೀಸೃಪಗಳಾದರೆ ಮೊಟ್ಟೆ ಕೆದಕುವುದು ಎಲ್ಲವೂ ಸೇರಿದೆ. ಮರಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದರೆ ಅದೂ ಇದರೊಳಗೇ ಬರುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಸೆಕ್ಷನ್ 39. ಕಾಯ್ದೆ ಮೀರಿ ಹಿಡಿದ, ಇಟ್ಟುಕೊಂಡ, ಬಂಧನದಲ್ಲಿ ಮರಿ ಮಾಡಿಸಿದ ಕಾಡುಪ್ರಾಣಿ ಸರ್ಕಾರದ ಸ್ವತ್ತು. ‘ನಾನು ಕಾಡಿನಿಂದ ತಂದಿಲ್ಲ, ನಮ್ಮನೆಯಲ್ಲೇ ಮೊಟ್ಟೆ ಒಡೆದದ್ದು’ ಎಂಬ ವಾದ ಅಲ್ಲಿಗೇ ಮುಗಿಯಿತು. ಅಂಥ ಸ್ವತ್ತು ಹೇಗೇ ಕೈಗೆ ಬಂದಿರಲಿ, 48 ಗಂಟೆಯೊಳಗೆ ಪೊಲೀಸ್ ಠಾಣೆಗೆ ಅಥವಾ ಅಧಿಕಾರ ಪಡೆದ ಅಧಿಕಾರಿಗೆ ತಿಳಿಸಬೇಕು, ಕೇಳಿದರೆ ಒಪ್ಪಿಸಬೇಕು. ತಡವಾಗಿ ಸಿಕ್ಕಿಬಿದ್ದರೆ ಸೆಕ್ಷನ್ 57 ನೋಡಿ: ಪ್ರಾಣಿ ನಿಮ್ಮ ವಶದಲ್ಲಿತ್ತು ಎಂದು ಸಾಬೀತಾದರೆ ಸಾಕು, ಅದು ಅಕ್ರಮವೆಂದೇ ನ್ಯಾಯಾಲಯ ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಹೊರೆ ನಿಮ್ಮ ತಲೆಯ ಮೇಲೆ. ಮೊದಲನೇ ಅನುಸೂಚಿಯ ಪ್ರಾಣಿಯಾದರೆ ಕನಿಷ್ಠ 3 ವರ್ಷದಿಂದ 7 ವರ್ಷದವರೆಗೆ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಓದುವ ವಯಸ್ಸಿನಲ್ಲಿ ಇಂಥದ್ದೊಂದು ಕೇಸು ಮೈಮೇಲೆ ಬಿದ್ದರೆ ಮುಂದಿನ ಬದುಕು ಏನಾಗುತ್ತದೆ ಎಂದು ದಯವಿಟ್ಟು ಯೋಚಿಸಿ.

‘ಅಮೆರಿಕದಲ್ಲಿ ಸಾಕುತ್ತಾರಲ್ಲ’ ಎಂದೂ ಬರೆದಿದ್ದೀರಿ. ಹೌದು, ಫ್ಲೋರಿಡಾದಂಥ ಕೆಲವು ರಾಜ್ಯಗಳಲ್ಲಿ ವಿಷದ ಹಾವಿಗೆ ಲೈಸೆನ್ಸ್ ಕೊಡುತ್ತಾರೆ. ಅಲ್ಲಿ 18 ವರ್ಷ ತುಂಬಿರಬೇಕು, 1,000 ಗಂಟೆಗಳ ಅನುಭವದ ದಾಖಲೆ ಕೊಡಬೇಕು, ಹಾವು ತಪ್ಪಿಸಿಕೊಳ್ಳಲಾಗದ ಬೀಗದ ಗೂಡು ಇರಬೇಕು. ಅದು ಅಲ್ಲಿನ ನಿಯಮ. ಅದನ್ನು ತೋರಿಸಿ ಇಲ್ಲಿ ಏನೂ ಕೇಳುವಂತಿಲ್ಲ.

ಇನ್ನೊಂದು ಗೊಂದಲ ತುಂಬ ಕಡೆ ಕಾಣುತ್ತದೆ. ಬಾಲ್ ಪೈಥಾನ್ ಎಂಬ ವಿದೇಶಿ ಹೆಬ್ಬಾವನ್ನು ಸಾಕುವ ಗೆಳೆಯ ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿದ್ದಾನೆ, ನಾನೂ ನಾಗರಹಾವನ್ನು ಹಾಗೇ ನೋಂದಾಯಿಸಬಹುದಲ್ಲ ಎಂದು ಕೇಳುತ್ತಾರೆ. ಆ ನೋಂದಣಿ ನಾಲ್ಕನೇ ಅನುಸೂಚಿಯಲ್ಲಿರುವ ವಿದೇಶಿ ಜೀವಿಗಳಿಗೆ, ಅದರ ನಿಯಮಗಳು ಬಂದದ್ದು 2024ರಲ್ಲಿ. ನಮ್ಮ ಕಾಡಿನ, ನಮ್ಮ ಗದ್ದೆಯ ಹಾವಿಗೆ ಆ ಬಾಗಿಲು ಇಲ್ಲ. ಮಾರುತ್ತೇನೆ, ಪೇಪರ್ ಮಾಡಿಸಿಕೊಡುತ್ತೇನೆ ಎನ್ನುವವರು ಮೋಸಗಾರರು.

ಹಾಗಾದರೆ ಯಾರಿಗೂ ಅನುಮತಿ ಇಲ್ಲವೇ? ಇದೆ, ಆದರೆ ಸಾಕುವುದಕ್ಕಲ್ಲ. ಸೆಕ್ಷನ್ 12ರ ಅಡಿಯಲ್ಲಿ ಶಿಕ್ಷಣ, ವೈಜ್ಞಾನಿಕ ಸಂಶೋಧನೆ, ಮಾನ್ಯತೆ ಪಡೆದ ಮೃಗಾಲಯ, ಜೀವರಕ್ಷಕ ಔಷಧಕ್ಕಾಗಿ ವಿಷ ಸಂಗ್ರಹ, ಇಂಥ ಕೆಲಸಗಳಿಗೆ ಲಿಖಿತ ಅನುಮತಿ ಕೊಡಬಹುದು. ತಮಿಳುನಾಡಿನಲ್ಲಿ 1978ರಲ್ಲಿ ಶುರುವಾದ ಇರುಳ ಬುಡಕಟ್ಟಿನ ಹಾವು ಹಿಡಿಯುವವರ ಸಹಕಾರ ಸಂಘ ಹೀಗೆ ನಡೆಯುತ್ತದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಹಿಡಿದು, ಕೆಲವು ವಾರ ಮಣ್ಣಿನ ಮಡಕೆಗಳಲ್ಲಿಟ್ಟು ವಿಷ ತೆಗೆದು, ಮತ್ತೆ ಬಿಟ್ಟುಬಿಡುತ್ತಾರೆ. ದೇಶದಲ್ಲಿ ತಯಾರಾಗುವ ವಿಷನಿರೋಧಕ ಔಷಧದ ಹಿಂದೆ ಆ ಜನರ ಕೈ ಇದೆ. ತಲೆಮಾರುಗಳಿಂದ ಹಾವನ್ನು ಬಲ್ಲ ಅವರೇ ಹಾವನ್ನು ತಮ್ಮದಾಗಿ ಇಟ್ಟುಕೊಳ್ಳುವುದಿಲ್ಲ.

ಕಾನೂನು ಬದಿಗಿಡಿ, ಹಾವಿನ ಕಡೆಯಿಂದಲೂ ಒಮ್ಮೆ ನೋಡಿ. ಮನೆಗಳಲ್ಲಿ ಕೂಡಿಟ್ಟಿದ್ದ ನಾಗರಹಾವುಗಳನ್ನು ಬಿಡಿಸಿದಾಗ ನಾನು ಮೊದಲು ನೋಡುವುದು ಮೂತಿಯನ್ನು. ಹೊರಗೆ ಹೋಗಲು ಗಾಜಿಗೆ, ಜಾಲರಿಗೆ ಮೂತಿ ಉಜ್ಜಿ ಉಜ್ಜಿ ತುದಿಯ ಹುರುಪೆ ಹೋಗಿ, ಒಳಗಿನ ಕೆಂಪು ಮಾಂಸ ಕಾಣುತ್ತಿರುತ್ತದೆ. ತೇವ ಸಾಲದೆ ಪೊರೆ ಪೂರ್ತಿ ಬಿಡದೆ ಕಣ್ಣಿನ ಮೇಲೆ ಪದರ ಪದರವಾಗಿ ಕೂತಿರುತ್ತದೆ, ಹಾವಿಗೆ ಕಣ್ಣೇ ಕಾಣುವುದಿಲ್ಲ. ಕೆಲವಕ್ಕೆ ಹಲ್ಲು ಕಿತ್ತು ಬಾಯಿ ಕೀವಾಗಿರುತ್ತದೆ. ಕಿತ್ತ ವಿಷದ ಹಲ್ಲಿನ ಜಾಗಕ್ಕೆ ಹೊಸದು ಬರುತ್ತದೆ ಎಂಬುದು ಕಿತ್ತವನಿಗೆ ಗೊತ್ತೇ ಇರುವುದಿಲ್ಲ. ನಾಗರ ಪಂಚಮಿಗೆ ಬುಟ್ಟಿಯಲ್ಲಿ ಬರುವ ಹಾವಿನದೂ ಇದೇ ಕಥೆ. ಅಂಥ ಹಾವಿಗೆ ಹಾಲೆರೆದು ದುಡ್ಡು ಕೊಟ್ಟರೆ ಇನ್ನೊಂದು ಹಾವು ಬುಟ್ಟಿಗೆ ಬೀಳುತ್ತದೆ.

ಮರಿಯೆಂದು ಸಲಿಗೆ ಬೇಡ. ಮೊಟ್ಟೆಯಿಂದ ಹೊರಬಂದ ದಿನವೇ ನಾಗರಹಾವಿನ ಮರಿ ಹೆಡೆ ಎತ್ತುತ್ತದೆ, ಕಚ್ಚುತ್ತದೆ, ವಿಷವೂ ಇರುತ್ತದೆ. ಕಚ್ಚಿದರೆ ಆಸ್ಪತ್ರೆಯ ವಿಷನಿರೋಧಕ ಔಷಧವೊಂದೇ ಗತಿ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ಸರ್ಕಾರಕ್ಕೆ ವರದಿ ಮಾಡಬೇಕು.

ನಿಮ್ಮ ಆಸಕ್ತಿ ನಿಜವಾದರೆ ದಾರಿಗಳಿವೆ. ಪ್ರಾಣಿಶಾಸ್ತ್ರ ಓದಿ ಸಂಶೋಧನಾ ತಂಡ ಸೇರಬಹುದು, ಇಲಾಖೆ ನಡೆಸುವ ತರಬೇತಿಗಳನ್ನು ವಿಚಾರಿಸಬಹುದು. ಕೇರಳದಲ್ಲಿ ತರಬೇತಿ ಪಡೆದವರಿಗೆ ಇಲಾಖೆಯೇ ಪ್ರಮಾಣಪತ್ರ ಕೊಡುತ್ತದೆ. ರಕ್ಷಣೆ ಮಾಡುವವರೂ ಹಾವನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ ಎಂಬುದನ್ನು ಮಾತ್ರ ಮರೆಯಬೇಡಿ.

ಇಲಾಖೆಯವರು ಬಂದಾಗ ಮರಿ ಸಿಕ್ಕ ಜಾಗವನ್ನು ತೋರಿಸಿ, ಆಸುಪಾಸಿನಲ್ಲೇ ಬಿಡಲು ಅದರಿಂದ ಅನುಕೂಲ. ನಾಗರಹಾವು ಒಂದು ಸಲಕ್ಕೆ ಹತ್ತಕ್ಕೂ ಹೆಚ್ಚು ಮೊಟ್ಟೆ ಇಡುವುದುಂಟು, ಆದ್ದರಿಂದ ಹಿತ್ತಲಲ್ಲಿ ಇನ್ನೂ ಮರಿಗಳಿರಬಹುದು. ಕಲ್ಲುರಾಶಿ, ಇಲಿ ಬಿಲ, ಸೌದೆ ಒಟ್ಟಿದ ಕಡೆ ಬರಿಗೈ ಹಾಕಬೇಡಿ, ರಾತ್ರಿ ಟಾರ್ಚ್ ಇಲ್ಲದೆ, ಚಪ್ಪಲಿ ಇಲ್ಲದೆ ಇಳಿಯಬೇಡಿ, ಮನೆಯ ಮಕ್ಕಳಿಗೂ ಇವತ್ತೇ ಹೇಳಿಡಿ.