ಗ್ರಿಡ್ ವರ್ಕ್‌ಶಾಪ್ ಮಾಡೋಕೆ ಹೊರಟೋರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಡಿಪಾರ್ಟ್‌ಮೆಂಟಲ್ಲಿ ಗ್ರಿಡ್ ಕಂಪ್ಯೂಟಿಂಗ್ ಬಗ್ಗೆ ಎರಡು ದಿನದ ವರ್ಕ್‌ಶಾಪ್ ಮಾಡ್ಬೇಕು ಅಂತಿದೀವಿ. ಮೊದಲ ದಿನ ಪೂರ್ತಿ ಲೆಕ್ಚರ್, ಎರಡನೇ ದಿನ ಪ್ರಾಕ್ಟಿಕಲ್ ಅಂತ ಪ್ಲಾನು. ಸರಿನಾ?
– ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಗ್ರಿಡ್ ಅಂದ್ರೆ ಬೇರೆ ಬೇರೆ ಸಂಸ್ಥೆಗಳು ತಮ್ಮ ಕಂಪ್ಯೂಟರ್ ಕೂಡಿಸಿ ದೊಡ್ಡ ಲೆಕ್ಕಗಳನ್ನ ಹಂಚ್ಕೊಂಡು ಮಾಡೋದು. ಅದನ್ನ ಕಲಿಸೋಕೆ ದಯವಿಟ್ಟು ಒಂದು ದಿನ ಪೂರ್ತಿ ಲೆಕ್ಚರ್ ಇಡ್ಬೇಡಿ. ಬಂದೋರು ಮೊದಲ ಗಂಟೆಯೊಳಗೇ ತಾವೇ ಒಂದು ಜಾಬ್ (ಮಷಿನ್‌ಗೆ ಮಾಡೋಕೆ ಕೊಡೋ ಒಂದು ಲೆಕ್ಕ) ಕಳಿಸಿ, ಅದು ಮುಗಿದು, ಔಟ್‌ಪುಟ್ ಫೈಲ್ ತೆಗೆದು ನೋಡಿರ್ಬೇಕು. ಜಾಬ್ ದೊಡ್ಡದೇನೂ ಬೇಡ, ತಾನು ಯಾವ ಮಷಿನ್ ಮೇಲೆ ಓಡ್ದೆ ಅಂತ ಅದರ ಹೆಸರು ಪ್ರಿಂಟ್ ಮಾಡಿದ್ರೆ ಸಾಕು. ಹತ್ತು ಜಾಬ್ ಕಳಿಸ್ದಾಗ ಬೇರೆ ಬೇರೆ ಮಷಿನ್ ಹೆಸರು ಬರೋದನ್ನ ಕಣ್ಣಾರೆ ನೋಡಿದ್ಮೇಲೆ ಥಿಯರಿ ಹೇಳಿ, ಆಗ ಕೇಳ್ತಾರೆ.

ಜಾಬ್‌ಗಳನ್ನ ಖಾಲಿ ಇರೋ ಮಷಿನ್‌ಗಳಿಗೆ ಹಂಚೋಕೆ ಲ್ಯಾಬ್ ಪಿಸಿಗಳಿಗೇ ಎಚ್‌ಟಿಕಾಂಡರ್ ಹಾಕ್ಬಹುದು. ಅಮೆರಿಕದ ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದಲ್ಲಿ ಮಿರಾನ್ ಲಿವ್ನಿ ಅವರ ಗುಂಪು 1980ರ ದಶಕದಿಂದ ಕಟ್ಕೊಂಡು ಬಂದಿರೋ ಸಾಫ್ಟ್‌ವೇರ್ ಅದು, ಉಚಿತ, ಒಂದೇ ಲ್ಯಾಪ್‌ಟಾಪಲ್ಲಿ ಕೂಡ ಕಂಟೇನರ್ (ಬೇಕಾದ್ದೆಲ್ಲ ಒಟ್ಟಿಗೆ ಕಟ್ಟಿಟ್ಟ ಸಾಫ್ಟ್‌ವೇರ್ ಪೊಟ್ಟಣ) ಆಗಿ ಓಡುತ್ತೆ, ಹಾಗಾಗಿ ಹೇಳ್ಕೊಡೋರು ಮನೇಲೇ ಪ್ರಾಕ್ಟೀಸ್ ಮಾಡ್ಕೋಬಹುದು. ಜಾಬ್ ಕಳಿಸೋಕೆ ಬರೆಯೋ ಸಬ್ಮಿಟ್ ಫೈಲ್ ಅಂದ್ರೆ ನಾಲ್ಕೈದು ಸಾಲು: ಯಾವ ಪ್ರೋಗ್ರಾಂ, ಯಾವ ಇನ್‌ಪುಟ್, ಎಷ್ಟು ಮೆಮೊರಿ, ಎಷ್ಟು ಡಿಸ್ಕ್, ಕೊನೇಲಿ ಎಷ್ಟು ಸಲ ಕ್ಯೂಗೆ ಹಾಕ್ಬೇಕು. ಆ ಕೊನೇ ಸಾಲಲ್ಲಿ 10 ಇದ್ದಿದ್ದನ್ನ 1000 ಮಾಡಿದ್ರೆ ಸಾವಿರ ಜಾಬ್.

ಮೊದಲ ದಿನ ಮಧ್ಯಾಹ್ನ ಬೇಕಂತಲೇ ಜಾಬ್ ಕೆಡಿಸಿ. ಮೆಮೊರಿ ಕಮ್ಮಿ ಕೇಳಿ, ಇನ್‌ಪುಟ್ ಫೈಲ್ ಹೆಸರು ತಪ್ಪು ಬರೀರಿ, ಜಾಬ್ ಹೋಲ್ಡ್‌ಗೆ ಹೋಗ್ಲಿ (ಅಂದ್ರೆ ಓಡದೆ ತಡೆದು ನಿಲ್ಲಲಿ), ಯಾಕೆ ಹೋಯ್ತು ಅಂತ ಲಾಗ್ ಓದಿಸಿ. ಊರಿಗೆ ವಾಪಸ್ ಹೋದ್ಮೇಲೆ ಒಬ್ರೇ ಕೂತು ಎದುರಿಸ್ಬೇಕಾಗಿರೋದು ಇದನ್ನೇ, ನನ್ನ ಪ್ರಕಾರ ಇಡೀ ವರ್ಕ್‌ಶಾಪಲ್ಲಿ ಇದಕ್ಕಿಂತ ಮುಖ್ಯವಾದ ಪಾಠ ಇಲ್ಲ.

ಎರಡನೇ ದಿನ ಅವರವರ ಸ್ವಂತ ಕೆಲಸ. ಮ್ಯಾಡಿಸನ್ನಲ್ಲಿ ಪ್ರತಿ ಬೇಸಿಗೆ ನಡೆಯೋ ಓಎಸ್‌ಜಿ (ಅಮೆರಿಕದ ಸಂಶೋಧನಾ ಗ್ರಿಡ್) ಸ್ಕೂಲಲ್ಲೂ ವಿದ್ಯಾರ್ಥಿಗಳು ತಮ್ಮ ರಿಸರ್ಚ್ ಸಮಸ್ಯೆ ಹಿಡ್ಕೊಂಡೇ ಬರ್ತಾರೆ. ಒಂದು ಸಿಮ್ಯುಲೇಶನ್‌ಗೆ ಒಂದು ಗಂಟೆ ಬೇಕು, ಅಂಥವು ಸಾವಿರ ಇವೆ ಅಂದ್ರೆ ಒಂದೇ ಕೋರಲ್ಲಿ (ಪ್ರೊಸೆಸರ್‌ನ ಒಂದು ಲೆಕ್ಕ ಮಾಡೋ ಘಟಕದಲ್ಲಿ) ಸುಮಾರು 42 ದಿನ, ನೂರು ಕೋರ್ ಸಿಕ್ರೆ ಹತ್ತು ಗಂಟೆ. ಈ ಲೆಕ್ಕ ಅವರ ಡೇಟಾಗೇ ಹಾಕಿಸಿ. ಯಾರದ್ದೋ ಲೆಕ್ಕದ ತುಂಡುಗಳು ಕ್ಷಣಕ್ಷಣಕ್ಕೂ ಒಂದಕ್ಕೊಂದು ಮಾತಾಡ್ಬೇಕು (ಹವಾಮಾನದ ಮಾಡೆಲ್ ಹಾಗೆ) ಅಂದ್ರೆ ಇದು ನಿಮಗಲ್ಲ, ಸೂಪರ್‌ಕಂಪ್ಯೂಟರ್ ಕಡೆ ಹೋಗಿ ಅಂತ ಅಲ್ಲೇ ಹೇಳ್ಬಿಡಿ, ಅವರ ಒಂದು ವರ್ಷ ಉಳಿಯುತ್ತೆ.

ಆರೇಳು ಜನಕ್ಕೆ ಒಬ್ಬ ಸಹಾಯಕ ಇರ್ಲಿ. ಸಂಶೋಧಕರಿಗೆ ಕಂಪ್ಯೂಟರ್ ಕೆಲಸ ಕಲಿಸೋ ಸಾಫ್ಟ್‌ವೇರ್ ಕಾರ್ಪೆಂಟ್ರಿ ಅನ್ನೋ ಗುಂಪಿನವರು ಎರಡು ಬಣ್ಣದ ಅಂಟುಚೀಟಿ ಕೊಡ್ತಾರೆ, ಕೆಲಸ ಆಯ್ತು ಅಂದ್ರೆ ಒಂದು ಬಣ್ಣ, ಸಿಕ್ಕಾಕೊಂಡ್ರೆ ಇನ್ನೊಂದು, ಲ್ಯಾಪ್‌ಟಾಪ್ ಮೇಲೆ ಅಂಟಿಸ್ಬೇಕು. ಕೈ ಎತ್ತೋಕೆ ನಾಚ್ಕೊಳ್ಳೋ ಹುಡುಗ ಹುಡುಗೀರಿಗೆ ತುಂಬಾ ಉಪಯೋಗ.

ಪ್ರಶ್ನೆ: ಗ್ರಿಡ್‌ಗೆ ಸರ್ಟಿಫಿಕೇಟ್ ಬೇಕಂತೆ. ಬರೋ ಎಲ್ಲರಿಗೂ ಅದನ್ನ ಮಾಡಿಸೋದು ಹೇಗೆ?
– ಸಿಸ್ಟಮ್ ಅಡ್ಮಿನ್, ಮೈಸೂರು

ಉತ್ತರ: ನಿಮ್ಮ ಜಾಬ್ ಓಡೋದು ಇನ್ನೊಂದು ಸಂಸ್ಥೆಯ ಮಷಿನ್ ಮೇಲೆ, ಕಳಿಸಿದೋರು ಯಾರು ಅಂತ ಅವರಿಗೆ ಗೊತ್ತಾಗ್ಬೇಕಲ್ವಾ, ಅದಕ್ಕೇ ಎಕ್ಸ್.509 ಸರ್ಟಿಫಿಕೇಟ್, ಅಂದ್ರೆ ಒಂಥರಾ ಡಿಜಿಟಲ್ ಗುರುತಿನ ಚೀಟಿ. ಗುರುತು ಪರಿಶೀಲಿಸಿಯೇ ಕೊಡೋದ್ರಿಂದ ಸಮಯ ಹಿಡಿಯುತ್ತೆ. ನಮ್ಮಲ್ಲಿ ಈ ಕೆಲಸಕ್ಕೆ ಅಂತಲೇ ಇಂಡಿಯನ್ ಗ್ರಿಡ್ ಸರ್ಟಿಫಿಕೇಶನ್ ಅಥಾರಿಟಿ ಶುರುವಾಗಿದ್ದು ಬೆಂಗಳೂರಿನ ಸಿ-ಡ್ಯಾಕಲ್ಲಿ (ಕೇಂದ್ರ ಸರ್ಕಾರದ ಕಂಪ್ಯೂಟಿಂಗ್ ಸಂಶೋಧನಾ ಸಂಸ್ಥೆ), ಭಾರತದ ಗರುಡ ಗ್ರಿಡ್ ಕಟ್ಟಿದ್ದೂ ಅವರೇ.

ಎರಡು ದಿನದ ಕ್ಲಾಸಿಗೆ ಇಷ್ಟೆಲ್ಲ ಮಾಡಿಸೋಕೆ ಹೋಗ್ಬೇಡಿ. ಇಟಲಿಯ ಕಟಾನಿಯಾದಲ್ಲಿ ಐಎನ್‌ಎಫ್‌ಎನ್ ಅನ್ನೋ ಭೌತವಿಜ್ಞಾನ ಸಂಸ್ಥೆಯವರು 2004ರಲ್ಲೇ ಇದಕ್ಕೆ ದಾರಿ ಹುಡುಕಿದ್ರು. ಜಿಲ್ಡಾ ಅಂತ, ಕಲಿಯೋಕೆ ಅಂತಲೇ ಒಂದು ಬೇರೆ ಗ್ರಿಡ್, ಅದಕ್ಕೆ ಅದರದ್ದೇ ಸರ್ಟಿಫಿಕೇಟ್ ಕೇಂದ್ರ, ಬಂದೋರಿಗೆ ಸ್ವಲ್ಪ ದಿನಕ್ಕೆ ಮಾತ್ರ ನಡೆಯೋ ಸರ್ಟಿಫಿಕೇಟ್. ಯುರೋಪಿನ ಇಜಿಇಇ ಗ್ರಿಡ್ ಯೋಜನೆಯ ತರಬೇತಿಗಳು ಎಷ್ಟೋ ದೇಶದಲ್ಲಿ ಇದರ ಮೇಲೇ ನಡೆದ್ವು. ಹೊಸಬರ ಕೈಲಿ ಏನಾದ್ರೂ ಎಡವಟ್ಟಾದ್ರೂ ನಿಜವಾದ ಸಂಶೋಧನೆಗೆ ತೊಂದ್ರೆ ಇಲ್ಲ. ಈಗ ಸರ್ಟಿಫಿಕೇಟ್ ಜಾಗಕ್ಕೆ ಟೋಕನ್ (ಸ್ವಲ್ಪ ಹೊತ್ತು ನಡೆಯೋ ಡಿಜಿಟಲ್ ಪಾಸ್) ಬರ್ತಿವೆ, ಆದ್ರೂ ಕಲಿಕೆಗೆ ಬೇರೆ ಜಾಗ ಇರ್ಬೇಕು ಅನ್ನೋದು ಹಾಗೇ ಇದೆ. ತಾತ್ಕಾಲಿಕ ಅಕೌಂಟ್ ಮಾಡಿ, ವಾರ ಮುಂಚೆ ಅದೇ ರೂಮಲ್ಲಿ ಅದೇ ವೈಫೈಲಿ ಕೂತು ಪ್ರತಿಯೊಂದನ್ನೂ ಲಾಗಿನ್ ಮಾಡಿ ನೋಡಿ, ಕ್ಯಾಂಪಸ್ ಫೈರ್‌ವಾಲ್ ಎಸ್‌ಎಸ್‌ಎಚ್ (ದೂರದ ಮಷಿನ್‌ಗೆ ಲಾಗಿನ್ ಆಗೋ ದಾರಿ) ತಡೀತಿದ್ರೆ ಆಗ್ಲೇ ಗೊತ್ತಾಗ್ಲಿ.

ಪ್ರಶ್ನೆ: ಕ್ಲೌಡ್ ಬಂದ್ಮೇಲೆ ಗ್ರಿಡ್ ಯಾಕೆ ಸರ್?
– ಇಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ಉತ್ತರ: ಕ್ಲೌಡ್ ಬಾಡಿಗೆಗೆ ತಗೊಳ್ಳೋದು, ಗ್ರಿಡ್ ಸಂಸ್ಥೆಗಳು ತಮ್ಮ ತಮ್ಮ ಮಷಿನ್ ಕೂಡಿಸಿ ಹಂಚ್ಕೊಳ್ಳೋದು. ಯುರೋಪಿನ ಸರ್ನ್ ಪ್ರಯೋಗಾಲಯದ ಎಲ್‌ಎಚ್‌ಸಿ (ಕಣಗಳನ್ನ ಡಿಕ್ಕಿ ಹೊಡೆಸೋ ದೊಡ್ಡ ಯಂತ್ರ) ಡೇಟಾ ಇವತ್ತೂ 40ಕ್ಕೂ ಹೆಚ್ಚು ದೇಶಗಳ ಸುಮಾರು 170 ಕೇಂದ್ರಗಳಲ್ಲಿ ಹಂಚಿ ಹೋಗುತ್ತೆ, ಅದ್ರಲ್ಲಿ ಮುಂಬೈನ ಟಿಐಎಫ್‌ಆರ್, ಕೋಲ್ಕತ್ತಾದ ವಿಇಸಿಸಿ ಅನ್ನೋ ಸಂಶೋಧನಾ ಸಂಸ್ಥೆಗಳು ಕೂಡ ಇವೆ.

ಪ್ರಶ್ನೆ: ಇಲ್ಲಿ ಗ್ರಿಡ್ ಬಳಕೆದಾರರ ಸಮ್ಮೇಳನದಲ್ಲಿ 90 ನಿಮಿಷದ ಸೆಷನ್ ನಡೆಸೋಕೆ ಹೇಳಿದಾರೆ. ಜನ ಮಾತಾಡೋ ಹಾಗೆ ಮಾಡೋದು ಹೇಗೆ?
– ಪೋಸ್ಟ್‌ಡಾಕ್ ಕನ್ನಡಿಗ, ಜರ್ಮನಿ

ಉತ್ತರ: ಸ್ಟೇಟಸ್ ರಿಪೋರ್ಟ್ ಓದೋದನ್ನ ಮೊದಲು ತೆಗೀರಿ, ಅದನ್ನ ಮುಂಚೇನೇ ಮೇಲ್ ಮಾಡ್ಬಹುದು. ಹತ್ತು ಹತ್ತು ನಿಮಿಷದ ಮೂರು ಟಾಕ್ ಸಾಕು, ಮೂರನ್ನೂ ಬಳಸೋರೇ ಕೊಡ್ಲಿ, ಒಬ್ರಾದ್ರೂ ಫಿಸಿಕ್ಸ್ ಬಿಟ್ಟು ಬಯಾಲಜಿ ಕಡೆಯೋರಿರ್ಲಿ, ಯಾಕಂದ್ರೆ ಫಿಸಿಕ್ಸಿನೋರಿಗೆ ದೊಡ್ಡ ಟೀಮಿನ ಬೆಂಬಲ ಇರುತ್ತೆ, ಬಯಾಲಜಿಯಲ್ಲಿ ಎಷ್ಟೋ ಸಲ ಒಬ್ಳೇ ವಿದ್ಯಾರ್ಥಿನಿ ಎಲ್ಲ ನಿಭಾಯಿಸ್ತಿರ್ತಾಳೆ, ಅವಳಿಗೆ ಬರೋ ತೊಂದ್ರೆ ಯಾವ ರಿಪೋರ್ಟಲ್ಲೂ ಬರಲ್ಲ. ಸೈಟ್ ಅಡ್ಮಿನ್‌ಗಳನ್ನ (ಗ್ರಿಡ್ ಕೇಂದ್ರಗಳ ಮಷಿನ್ ನೋಡ್ಕೊಳ್ಳೋರು) ಮುಂದಿನ ಸಾಲಲ್ಲೇ ಕೂರಿಸಿ. ಉಳಿದ ಒಂದು ಗಂಟೆ ಚರ್ಚೆಗೆ. ಯಾರು ಏನು ಯಾವಾಗ ಮಾಡ್ತಾರೆ ಅಂತ ಬರ್ಕೊಳ್ಳೋಕೆ ಒಬ್ರನ್ನ ನೇಮಿಸಿ, ಅದು ನೀವಾಗಿರ್ಬೇಡಿ, ಎರಡೂ ಕೆಲಸ ಒಟ್ಟಿಗೆ ಆಗಲ್ಲ.

ಪ್ರಶ್ನೆ: ಹೈಸ್ಕೂಲ್ ಮಕ್ಕಳಿಗೆ ಇದನ್ನ ತೋರಿಸ್ಬಹುದಾ?
– ವಿಜ್ಞಾನ ಶಿಕ್ಷಕಿ, ಶಿವಮೊಗ್ಗ

ಉತ್ತರ: ಖಂಡಿತ. ಅಮೆರಿಕದ ಬರ್ಕ್ಲಿಯಲ್ಲಿ ಹುಟ್ಟಿದ ಬೋಯಿಂಕ್ ಹಾಕಿ, ಅದು ಮನೆಮನೆಯ ಕಂಪ್ಯೂಟರ್‌ನ ಬಿಡುವಿನ ಹೊತ್ತನ್ನ ವಿಜ್ಞಾನದ ಲೆಕ್ಕಕ್ಕೆ ಕೊಡೋ ಸಾಫ್ಟ್‌ವೇರ್, ಅದರ ಮೂಲಕ ಖಗೋಳ ಡೇಟಾ ಹುಡುಕೋ ಐನ್‌ಸ್ಟೈನ್ ಅಟ್ ಹೋಮ್ ಯೋಜನೆಗೆ ಸೇರಿ. 2010ರಲ್ಲಿ ಅರೆಸಿಬೊ ಟೆಲಿಸ್ಕೋಪಿನ ಡೇಟಾದಲ್ಲಿ ಒಂದು ಹೊಸ ಪಲ್ಸಾರ್ (ವೇಗವಾಗಿ ಸುತ್ತೋ ಒಂದು ಬಗೆಯ ನಕ್ಷತ್ರ) ಸಿಕ್ಕಿದ್ದು ಅಮೆರಿಕದ ಒಂದು ದಂಪತಿಯ ಕಂಪ್ಯೂಟರ್ ಮತ್ತು ಜರ್ಮನಿಯ ಒಬ್ಬರ ಕಂಪ್ಯೂಟರ್ ಮಾಡಿದ ಲೆಕ್ಕದಿಂದ, ಇದನ್ನ ಮಕ್ಕಳಿಗೆ ಹೇಳಿ. ಒಂದೇ ಲೆಕ್ಕ ಯಾಕೆ ಇಬ್ಬರಿಗೆ ಕೊಡ್ತಾರೆ ಅಂತ ಅವರನ್ನೇ ಕೇಳಿ, ಉತ್ತರ ತಾಳೆ ನೋಡೋಕೆ ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ಶಾಲೆಯ ಕಂಪ್ಯೂಟರ್‌ಗೆ ಹಾಕೋ ಮುಂಚೆ ಹೆಡ್‌ಮಾಸ್ಟರ್ ಅನುಮತಿ ತಗೊಳ್ಳಿ, ಕರೆಂಟ್ ಖರ್ಚಾಗುತ್ತೆ, ಸಿಪಿಯು ಬಳಕೆಯನ್ನ ಸೆಟ್ಟಿಂಗಲ್ಲಿ ಅರ್ಧಕ್ಕೆ ಇಳಿಸಿ, ಇಲ್ಲಾಂದ್ರೆ ಹಳೇ ಮಷಿನ್‌ಗಳು ಬಿಸಿ ಆಗ್ತವೆ.