ದೆಹಲಿ ಬಿಡಿ, ಲಾರಿ ಹಿಡಿಯಿರಿ

ಗಂಗಾವತಿಯ ಲೇಖಕ ಮಿತ್ರರಿಗೆ ನಮಸ್ಕಾರ.

ನಿಮ್ಮ ‘ದೇಶವೇ ಅತ್ತ ದಿನ’ ಓದಿದೆ. ಇಂದಿರಾ ಗಾಂಧಿ ಹತ್ಯೆಯ ಸುದ್ದಿ ಬಂದಾಗ ನೀವು ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ ಅಂತ ನೆನಪು ಮಾಡಿಕೊಂಡು ಬರೆದಿದ್ದೀರಿ. ಈಗಿರುವ ರೂಪದಲ್ಲಿ ಇದನ್ನು ಹಾಕಲು ಆಗುವುದಿಲ್ಲ. ಹಾಗಂತ ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ. ಒಳಗೆ ಎರಡು ಕಡೆ ತುಂಬಾ ಚೆನ್ನಾಗಿದೆ. ಅದಕ್ಕೇ ಇಷ್ಟುದ್ದದ ಉತ್ತರ. ಇದೇ ಬಗೆಯ ಲೇಖನ ಬಳ್ಳಾರಿ, ರಾಯಚೂರು, ಕೊಪ್ಪಳದ ಬೇರೆ ಓದುಗರಿಂದಲೂ ಬರುತ್ತಿರುತ್ತದೆ. ಹಾಗಾಗಿ ನಿಮ್ಮ ಹೆಸರು ಬಿಟ್ಟು ಉತ್ತರವನ್ನು ಇಲ್ಲೇ ಅಚ್ಚು ಹಾಕುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.

ಐದು ಪುಟದ ಲೇಖನದಲ್ಲಿ ಮೂರೂವರೆ ಪುಟ ದೆಹಲಿಯಲ್ಲೇ ಕಳೆದಿದೆ. ಸಫ್ದರ್‌ಜಂಗ್ ರಸ್ತೆಯ ಮನೆ, ಅಕ್ಬರ್ ರಸ್ತೆಯ ಕಚೇರಿಗೆ ಹೋಗುವ ಕಾಲುದಾರಿ, ಆಕೆಯನ್ನು ಸಂದರ್ಶಿಸಲು ಕಾದು ಕೂತಿದ್ದ ಬ್ರಿಟಿಷ್ ನಟ ಪೀಟರ್ ಉಸ್ತಿನೋವ್, ಗುಂಡು ಹೊಡೆದ ಇಬ್ಬರು ಸಿಖ್ ಅಂಗರಕ್ಷಕರು. ತಪ್ಪೇನೂ ಇಲ್ಲ. ಆದರೆ ಇದನ್ನೆಲ್ಲ ನಾವೂ ಓದಿದ್ದೇವೆ, ಅಲ್ವಾ? ಅಷ್ಟು ಸಾಲದು ಅಂತ “ಅಂದು ಮುಂಜಾನೆ ಆಕೆಯ ಕಂಗಳಲ್ಲಿ ಏನೋ ಅವ್ಯಕ್ತ ಕಳವಳವಿತ್ತು” ಎಂದಿದ್ದೀರಿ. ನೀವು ಆಗ ಗಂಗಾವತಿಯಲ್ಲಿ ಆರನೇ ಕ್ಲಾಸಿನ ಹುಡುಗ. ಕಳವಳ ನಿಮಗೆ ಎಲ್ಲಿಂದ ಕಂಡಿತು? ಆಕೆ ಗೆದ್ದ 1978ರ ಚಿಕ್ಕಮಗಳೂರು ಉಪಚುನಾವಣೆಯ ಪ್ಯಾರಾ ಕೂಡ ಇದೇ ಜಾತಿಯದು. ಎರಡನ್ನೂ ಹೊಡೆದುಹಾಕಿ.

ಇನ್ನು ನಾಲ್ಕನೇ ಪುಟ. “ನಾನು ಕಟಿಂಗ್ ಅಂಗಡಿಯಲ್ಲಿ ಕೂತಿದ್ದೆ. ಎಡಗಡೆ ಮುಗಿದಿತ್ತು. ರೇಡಿಯೋ ಕೇಳಿ ಆತ ಕತ್ತರಿ ಕೆಳಗಿಟ್ಟ, ನಾಳೆ ಬಾ ಅಂದ. ಬಲಗಡೆ ಕೂದಲು ಹಾಗೇ ಇಟ್ಟುಕೊಂಡು ಮನೆಗೆ ಬಂದೆ.” ಇದನ್ನು ಓದಿ ನಕ್ಕೆ, ನಕ್ಕದ್ದಕ್ಕೆ ಮುಜುಗರವೂ ಆಯಿತು. ಇಂಥ ಸುದ್ದಿ ಹನ್ನೊಂದು ವರ್ಷದ ಹುಡುಗನಿಗೆ ಹೀಗೇ ಮುಟ್ಟುವುದು. ನೀವೋ, ಅದನ್ನು ಅಲ್ಲಿಗೇ ಬಿಟ್ಟು ಮುಂದಿನ ಸಾಲಿನಲ್ಲೇ “ದೇಶ ಕಣ್ಣೀರ ಕಡಲಲ್ಲಿ ಮುಳುಗಿತು” ಅಂತ ಮತ್ತೆ ದೆಹಲಿ ರೈಲು ಹತ್ತಿದ್ದೀರಿ. ಆ ಅರ್ಧ ತಲೆ ಎಷ್ಟು ದಿನ ಹಾಗೇ ಇತ್ತು? ಅವ್ವ ಏನಂದಳು? ಓಣಿಯ ಹುಡುಗರು ನಗಲಿಲ್ಲವಾ, ಅಥವಾ ನಗುವುದಕ್ಕೂ ಅವತ್ತು ಹೆದರಿದರಾ? ನನಗೆ ಬೇಕಾಗಿರುವುದು ಇದು.

ಅಂದು ಭಾನುವಾರ ಅಂತ ಬರೆದಿದ್ದೀರಿ. 1984ರ ಅಕ್ಟೋಬರ್ 31 ಬುಧವಾರ. ಗುಂಡು ಬಿದ್ದದ್ದು ಬೆಳಗ್ಗೆ ಒಂಬತ್ತು ದಾಟಿದ ಮೇಲೆ. ಬಿಬಿಸಿ ಮೊದಲೇ ಹೇಳಿತ್ತು, ಆದರೆ ಆಕಾಶವಾಣಿ ಸಾವಿನ ಸುದ್ದಿ ಹೇಳಿದ್ದು ಸಂಜೆ. ಅಂದರೆ ನೀವು ಶಾಲೆ ಬಿಟ್ಟ ಮೇಲೆ ಕಟಿಂಗಿಗೆ ಹೋಗಿರಬೇಕು. ಮರುದಿನ ನವೆಂಬರ್ 1, ರಾಜ್ಯೋತ್ಸವ. ಕೋಲಾಟವೋ ಹಾಡೋ ಇತ್ತು ಅಂತ ಮನೆಯವರು ಕಟಿಂಗಿಗೆ ಕಳಿಸಿದ್ದರಾ? ಇದು ನನ್ನ ಊಹೆ. ನಿಮಗೆ ನೆನಪಿದ್ದರೆ ಮಾತ್ರ ಬರೆಯಿರಿ, ನಾನು ಹೇಳಿದೆ ಅಂತ ಸೇರಿಸಬೇಡಿ. ಆದರೆ ಮರುದಿನ ನಿಮ್ಮ ಶಾಲೆಯಲ್ಲಿ ಏನಾಯಿತು ಅನ್ನುವುದಂತೂ ಬೇಕು. ಹಬ್ಬಕ್ಕೆ ಏರಬೇಕಾಗಿದ್ದ ಬಾವುಟ, ಅದರ ಬೆನ್ನಿಗೇ ಶೋಕ. ಹೆಡ್ ಮಾಸ್ತರರು ಏನು ಮಾಡಿದರು? ನಿಮ್ಮ ಜೊತೆ ಓದಿದವರು ಊರಲ್ಲೇ ಇದ್ದಾರಲ್ಲ, ಒಂದು ಸಂಜೆ ಒಗ್ಗರಣೆ ಮಿರ್ಚಿ ಮುಂದಿಟ್ಟುಕೊಂಡು ಕೇಳಿ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅದೂ ಬರೆಯುವಂಥದ್ದೇ.

ಇನ್ನೆರಡು ತಪ್ಪು. “ಕೊಪ್ಪಳದ ಜಿಲ್ಲಾಧಿಕಾರಿ ಕಚೇರಿಯ ಮೇಲೆ ಬಾವುಟ ಅರ್ಧಕ್ಕಿಳಿಯಿತು” ಎಂದಿದ್ದೀರಿ. ಕೊಪ್ಪಳ ಜಿಲ್ಲೆ ಆಗಿದ್ದೇ 1997ರಲ್ಲಿ. ಆಗ ಗಂಗಾವತಿ ರಾಯಚೂರು ಜಿಲ್ಲೆಯ ತಾಲೂಕು. ಇಲ್ಲದ ಕಚೇರಿಯ ಮೇಲೆ ಬಾವುಟ ಇಳಿಸಿದ್ದೀರಿ! ಇನ್ನೊಂದು, “ಚುನಾವಣಾ ಪ್ರಚಾರದ ಜೀಪುಗಳು ಮೈಕ್ ಬಂದ್ ಮಾಡಿ ನಿಂತವು” ಅನ್ನುವ ಸಾಲು. 1984ರಲ್ಲಿ ಲೋಕಸಭೆ ಚುನಾವಣೆ ನಡೆದದ್ದು ಡಿಸೆಂಬರಿನಲ್ಲಿ, ಹತ್ಯೆಯ ನಂತರ. ನೀವು ನೋಡಿದ ಜೀಪುಗಳು ಬಹುಶಃ 1991ರವು. ರಾಜೀವ್ ಗಾಂಧಿ ಶ್ರೀಪೆರಂಬುದೂರಿನಲ್ಲಿ ಸತ್ತದ್ದು ಮೇ 21ರ ರಾತ್ರಿ, ಪ್ರಚಾರದ ನಡುವೆಯೇ. ಉಳಿದ ಮತದಾನ ಜೂನಿಗೆ ಹೋಯಿತು. ತಾಯಿಯ ಸಾವಿನ ನೆನಪಿಗೆ ಮಗನ ಸಾವಿನ ನೆನಪು ಬಂದು ಕೂಡಿಕೊಂಡಿದೆ.

ನೀವು ಸುಳ್ಳು ಬರೆದಿರಿ ಅಂತ ನಾನು ಹೇಳುತ್ತಿಲ್ಲ. ಇದು ಎಲ್ಲರಿಗೂ ಆಗುತ್ತದೆ. 1986ರ ಜನವರಿಯಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದ ಮರುದಿನ ಉಲ್ರಿಕ್ ನೈಸರ್ ಎಂಬ ಮನಶ್ಶಾಸ್ತ್ರಜ್ಞರು ಅಲ್ಲಿನ ವಿದ್ಯಾರ್ಥಿಗಳಿಂದ ‘ಸುದ್ದಿ ಕೇಳಿದಾಗ ಎಲ್ಲಿದ್ದೆ’ ಅಂತ ಬರೆಸಿ ಇಟ್ಟುಕೊಂಡರು. ಎರಡೂವರೆ ವರ್ಷದ ನಂತರ ಅದನ್ನೇ ಮತ್ತೆ ಕೇಳಿದರು. ಸುಮಾರು ಕಾಲು ಭಾಗ ಜನರ ಉತ್ತರ ಪೂರ್ತಿ ಬೇರೆಯೇ ಆಗಿತ್ತು. ಅವರದೇ ಕೈಬರಹ ತೋರಿಸಿದರೂ ಕೆಲವರು ಈಗ ಹೇಳಿದ್ದೇ ಸರಿ ಅಂತ ಕೂತರು. ಎರಡೂವರೆ ವರ್ಷಕ್ಕೇ ಹೀಗಾದರೆ ನಲವತ್ತು ವರ್ಷದ ಮಾತೇನು? ಹಾಗಾಗಿ 1984ರ ನವೆಂಬರ್ 1 ಮತ್ತು 2ರ ಪತ್ರಿಕೆ ಎಲ್ಲಾದರೂ ಸಿಕ್ಕರೆ ತೆಗೆಸಿ ನೋಡಿ. ಹೊಂದದೇ ಇದ್ದದ್ದನ್ನು ಮುಚ್ಚಿಡಬೇಡಿ. “ನನಗೆ ಜೀಪು ನೆನಪಿದೆ, ಆದರೆ ಆಗ ಜೀಪು ಇರಲು ಸಾಧ್ಯವಿಲ್ಲ” ಅಂತಲೇ ಬರೆಯಬಹುದು.

ನಿಮ್ಮ ತಂದೆಯ ಮಾತು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದವರು ಮನೆಗೆ ಬಂದು “ದೇಶಕ್ಕೆ ತುಂಬಲಾರದ ನಷ್ಟವಾಯಿತು” ಅಂದರು ಅಂತೀರಿ. ಅದು ಸಂತಾಪ ಸಭೆಯ ಭಾಷಣ. ಗಂಗಾವತಿಯಲ್ಲಿ ಒಬ್ಬ ಅಪ್ಪ ಚಪ್ಪಲಿ ಬಿಡುತ್ತಾ ಏನಂದಾನು? “ಇಂದ್ರಮ್ಮನ್ನ ಹೊಡದ್ರಂತಲ್ಲೋ” ಅಂದಿರಬಹುದು. ಏನೂ ಅನ್ನದೆ ನೀರು ಕುಡಿದು ಕೂತಿರಲೂಬಹುದು. ಅವರ ಬಾಯಿಂದ ಬಂದದ್ದನ್ನು ಬಂದ ಹಾಗೆ ಬರೆಯಿರಿ, ನಮ್ಮ ಕಡೆ ಮಾತಿನಲ್ಲೇ. ನೆನಪಿಲ್ಲವಾದರೆ ಅವರನ್ನು ಮಾತಾಡಿಸಬೇಡಿ.

ಕೊನೆಯ ಪುಟಕ್ಕೆ ಬರುತ್ತೇನೆ. “ಇಡೀ ದೇಶ ಒಂದೇ ಕುಟುಂಬದಂತೆ ಅತ್ತಿತು” ಎಂದು ಮುಗಿಸಿದ್ದೀರಿ. ಮುಂದಿನ ದಿನಗಳಲ್ಲಿ ದೆಹಲಿಯೊಂದರಲ್ಲೇ 2,733 ಸಿಖ್ಖರ ಕೊಲೆಯಾಯಿತು ಅಂತ ಸರ್ಕಾರದ್ದೇ ಲೆಕ್ಕ ಇದೆ. ಕಾನ್ಪುರ, ಬೊಕಾರೊಗಳಲ್ಲೂ ಕೊಂದರು. ಒಂದೇ ಕುಟುಂಬ ಅನ್ನುವ ಮಾತು ಆ ಮನೆಗಳ ಮುಂದೆ ನಿಲ್ಲುತ್ತದಾ? ಇದು ನಿಮಗೂ ಗೊತ್ತಿತ್ತು ಅಂತ ನನ್ನ ಗುಮಾನಿ. ಯಾಕೆಂದರೆ ಅದಕ್ಕಿಂತ ನಾಲ್ಕು ಸಾಲು ಮೇಲೆ, ಯಾವುದೋ ಪ್ಯಾರಾದ ಮಧ್ಯೆ, ಹೀಗೆ ಬರೆದಿದ್ದೀರಿ: “ಅಕ್ಕಿ ಲೋಡಿಗೆ ಬಂದಿದ್ದ ಸರ್ದಾರ್ಜಿಯ ಲಾರಿ ನಾಲ್ಕೈದು ದಿನ ಅಪ್ಪನ ಮಿಲ್ಲಿನ ಕಾಂಪೌಂಡಿನಲ್ಲೇ ನಿಂತಿತ್ತು. ಹಗಲೂ ಗೇಟು ಹಾಕಿರುತ್ತಿದ್ದರು.”

ಕಟಿಂಗ್ ಅಂಗಡಿಗಿಂತ ಇದು ದೊಡ್ಡದು. ಗೇಟು ಹಾಕಿಸಿದ್ದು ಯಾರು? ಡ್ರೈವರ್ ಒಬ್ಬರೇನಾ, ಜೊತೆಗೆ ಕ್ಲೀನರ್ ಹುಡುಗ ಇದ್ದನಾ? ಊಟ ಎಲ್ಲಿಂದ ಹೋಗುತ್ತಿತ್ತು? ಅವರು ಪಂಜಾಬಿಗೋ ದೆಹಲಿಗೋ ಟ್ರಂಕ್ ಕಾಲ್ ಮಾಡಲು ಒದ್ದಾಡಿದರಾ? ಮಿಲ್ಲಿನ ಹಮಾಲರು ಅವರ ಜೊತೆ ಮಾತಾಡುತ್ತಿದ್ದರಾ, ದೂರ ಕೂರುತ್ತಿದ್ದರಾ? ಲಾರಿ ಹೊರಟದ್ದು ಹಗಲೋ ರಾತ್ರಿಯೋ? ನೀವು ಆ ಗೇಟಿನ ಸಂದಿಯಿಂದ ಇಣುಕಿರಲೇಬೇಕು, ಆ ವಯಸ್ಸಿನ ಹುಡುಗರು ಬಿಡುತ್ತಾರಾ?

ಒಂದು ಎಚ್ಚರಿಕೆ. ಇದನ್ನು ಸೌಹಾರ್ದದ ಕಥೆ ಮಾಡಲು ಹೋಗಬೇಡಿ. ತಂದೆಯನ್ನು ಹೀರೋ ಮಾಡುವ ಆಸೆ ಬರುತ್ತದೆ, ತಡೆದುಕೊಳ್ಳಿ. ಲಾರಿಗೆ ಯಾರಾದರೂ ಬೆಂಕಿ ಇಟ್ಟರೆ ಲೋಡ್ ಹೋಗುತ್ತದೆ ಅಂತ ಮಾಲೀಕರು ಗೇಟು ಹಾಕಿಸಿದ್ದರೆ ಹಾಗೇ ಬರೆಯಿರಿ. ಪುಣ್ಯ, ಲೆಕ್ಕಾಚಾರ ಎರಡೂ ಒಂದೇ ಗೇಟಿನ ಹಿಂದೆ ಇದ್ದರೂ ಇರಲಿ. ಓದುಗರು ಅದನ್ನು ನಂಬುತ್ತಾರೆ.

ದೆಹಲಿಗೆ ಎರಡು ಸಾಲು ಸಾಕು. ಒಟ್ಟು ಎರಡು ಪುಟ ಮೀರದಿರಲಿ. ನುಡಿ ತಂತ್ರಾಂಶದಿಂದ ಯೂನಿಕೋಡ್‌ಗೆ ಬದಲಿಸಿದ ಫೈಲಿನಲ್ಲಿ ಅರ್ಕಾವತ್ತು ಕಂಡಕಂಡಲ್ಲಿ ಕೂತಿದೆ, ಒಮ್ಮೆ ಓದಿ ತಿದ್ದಿ ಕಳಿಸಿ. ಅಕ್ಟೋಬರ್ ಮೊದಲ ವಾರದೊಳಗೆ ಕೈಗೆ ಬಂದರೆ ತಿಂಗಳ ಕೊನೆಯ ಸಂಚಿಕೆಗೆ ಹಿಡಿಸಬಹುದು. ಜೊತೆಗಿಟ್ಟ ಕವನಗಳ ವಿಷಯ ಆಮೇಲೆ ನೋಡೋಣ, ಮೊದಲು ಲಾರಿ ಕಳಿಸಿ.