ವ್ಯಾನ್ ಯಾರದು, ಹಾಡು ಯಾರದು?

ಇಂಗ್ಲೆಂಡಿನ ಲೀಡ್ಸ್ ಕಡೆಯ ಹುಡುಗ, ವಯಸ್ಸು 22, ಪಂಕ್ (ಕಟ್ಟುಪಾಡು ಧಿಕ್ಕರಿಸುವ ಒರಟು ರಾಕ್ ಸಂಗೀತ) ಬ್ಯಾಂಡೊಂದರ ಡ್ರಮ್ಮರ್. (ಗುರುತು ಸಿಗಬಾರದೆಂದು ಊರು, ವಯಸ್ಸು, ಕೆಲವು ವಿವರ ಬದಲಿಸಿದ್ದೇನೆ.) ಒಂದೇ ಶಾಲೆಯ ನಾಲ್ವರು ಗೆಳೆಯರು ಕಟ್ಟಿದ ತಂಡ. ಒಂದು ಹಾಡು ರೇಡಿಯೊದಲ್ಲಿ ಬಂದದ್ದೇ ತಡ, ದೊಡ್ಡ ಬ್ಯಾಂಡ್‌ಗಳಿಗೂ ಮುಂಚೆ ನುಡಿಸುವ ಕರೆ, ಸಣ್ಣ ಕಂಪನಿಯಿಂದ ಆಲ್ಬಂ, ಯುರೋಪ್ ಸುತ್ತಾಟ. ಮುರಿದುಬೀಳಲು ಒಂದು ಬೇಸಿಗೆ ಸಾಕಾಯಿತು. ವಾಪಸು ಬರುವ ದಾರಿಯಲ್ಲಿ, ವ್ಯಾನಿನಲ್ಲೇ, ಹಾಡುಗಾರ 'ನನಗೆ ಸಾಕು' ಅಂದನಂತೆ. ಉಳಿದ ದಾರಿಯುದ್ದಕ್ಕೂ ಯಾರೂ ತುಟಿ ಬಿಚ್ಚಲಿಲ್ಲ.

ಆಪ್ತಸಲಹೆಗೆಂದು ನನ್ನ ಬಳಿ ಬಂದಾಗ ಅವನು ಹಗಲೆಲ್ಲ ಮಲಗುತ್ತಿದ್ದ, ರಾತ್ರಿಯೆಲ್ಲ ಹಳೆಯ ಶೋಗಳ ವಿಡಿಯೊ ನೋಡುತ್ತಿದ್ದ. ಮಾತಾಡುವಾಗ ಬೆರಳುಗಳು ಮೊಣಕಾಲ ಮೇಲೆ ತಾಳ ಹಾಕುತ್ತಲೇ ಇದ್ದವು. ಹಾಡುಗಾರನ ಹೆಸರು ಬಂದರೆ ಮಾತ್ರ ನಿಲ್ಲುತ್ತಿದ್ದವು. ಬದುಕು ಬೇಡ ಅನ್ನಿಸಿದೆಯೇ ಎಂದು ಸುತ್ತಿಬಳಸದೆ ಕೇಳಿದೆ. ಇಲ್ಲ ಅಂದ. ನಿದ್ದೆಯ ವಿಚಾರಕ್ಕೆ ತನ್ನ ವೈದ್ಯರನ್ನು ಕಾಣಲು ಹೇಳಿದೆ.

ಆದರೆ ಅವನ ದುಃಖ ಎಲ್ಲಿಂದ ಶುರುವಾದರೂ ಹೋಗಿ ನಿಲ್ಲುತ್ತಿದ್ದದ್ದು ವ್ಯಾನಿನ ಹತ್ತಿರ. ನಾಲ್ವರೂ ದುಡ್ಡು ಹಾಕಿ ಕೊಂಡದ್ದು, ದಾಖಲೆ ಇವನ ಹೆಸರಲ್ಲಿ. ಹಾಡುಗಳೆಲ್ಲ ಹಾಡುಗಾರನೊಬ್ಬನ ಹೆಸರಲ್ಲಿ ನೋಂದಣಿ. ಮಾರಾಟವಾಗದ ಟೀ ಶರ್ಟಿನ ಪೆಟ್ಟಿಗೆಗಳು ಇವನ ಅಮ್ಮನ ಮನೆಯಲ್ಲಿ. ಅಣ್ಣತಮ್ಮಂದಿರ ಪಾಲು ನೋಡಿದವರಿಗೆ ಇದು ಹೊಸದಲ್ಲ: ಜಗಳ ಹಿತ್ತಲಿನದ್ದು, ನೋವು ಬೇರೆ ಯಾವುದರದ್ದೋ.

ಅದಕ್ಕೇ ಲೆಕ್ಕವನ್ನೂ ಗೆಳೆತನವನ್ನೂ ಬೇರೆ ಬೇರೆ ದಿನ ಮಾತಾಡಿ ಎಂದೆ. ಲೆಕ್ಕಕ್ಕೆ ದಾರಿಯಿದೆ. ಬರವಣಿಗೆಯಲ್ಲಿ ಬೇರೆ ಕರಾರಿಲ್ಲದಿದ್ದರೆ ಇಂಥ ತಂಡವನ್ನು ಸಾಮಾನ್ಯವಾಗಿ ಬ್ರಿಟನ್ನಿನ 1890ರ ಪಾಲುದಾರಿಕೆ ಕಾಯ್ದೆಯಡಿ ನೋಡುತ್ತಾರೆ, ಲಾಭನಷ್ಟ ಸಮಪಾಲು. ಹಾಡಿನ ಹಣ ಸಂಗ್ರಹಿಸಿ ಹಂಚುವ ಸಂಸ್ಥೆಗಳಿವೆ: ಹಾಡು ಬರೆದವರ ಹಣ ಪಿಆರ್‌ಎಸ್ ಮೂಲಕ ಬರುತ್ತದೆ, ಧ್ವನಿಮುದ್ರಣದಲ್ಲಿ ನುಡಿಸಿದವರದ್ದು ಪಿಪಿಎಲ್ ಮೂಲಕ. ಈ ಎರಡನೆಯದು ತನಗೂ ಸಲ್ಲುತ್ತದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ! ಸಂಗೀತಗಾರರ ಸಂಘವಾದ ಮ್ಯುಸಿಷಿಯನ್ಸ್ ಯೂನಿಯನ್ ಸದಸ್ಯನಾಗಿದ್ದರಿಂದ ಕಾನೂನಿನ ಪ್ರಶ್ನೆಗಳನ್ನು ಅಲ್ಲಿಗೇ ಒಯ್ಯಲು ಹೇಳಿದೆ.

'ಪಂಕ್‌ನವರು ಕಾಗದಕ್ಕೆ ಸಹಿ ಹಾಕಿಸಿಕೊಂಡು ಕೂರೋದಾ?' ಎಂದು ನಕ್ಕ. ಇಂಗ್ಲೆಂಡಿನ ಹೆಸರಾಂತ ಪಂಕ್ ತಂಡ ಸೆಕ್ಸ್ ಪಿಸ್ಟಲ್ಸ್ ನೆನಪಿಸಿದೆ. 1975ರ ನವೆಂಬರಿನಲ್ಲಿ ಮೊದಲ ಶೋ, 1978ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತಂಡ ಚೂರು. ಅದರ ಹಾಡುಗಾರ ಜಾನಿ ರಾಟನ್‌ಗೆ ಆಗಿನ್ನೂ 21. ಮ್ಯಾನೇಜರ್ ಜೊತೆಗಿನ ವ್ಯಾಜ್ಯ ಮುಗಿದದ್ದು 1986ರಲ್ಲಿ. 2021ರಲ್ಲೂ ಅವರು ಲಂಡನ್ ಹೈಕೋರ್ಟಿನಲ್ಲಿದ್ದರು: ಹಾಡುಗಳನ್ನು ಟಿವಿ ಸರಣಿಗೆ ಕೊಡಬೇಕೇ ಎಂಬ ತಕರಾರು, ತೀರ್ಪು ನಿಂತದ್ದು 1998ರಲ್ಲಿ ಅವರೇ ಮಾಡಿಕೊಂಡ 'ಬಹುಮತದಂತೆ ನಡೆಯೋಣ' ಎಂಬ ಕರಾರಿನ ಮೇಲೆ. ಹುಡುಗ ನಗು ನಿಲ್ಲಿಸಿ ಫೋನಿನಲ್ಲಿ ಏನೋ ಬರೆದುಕೊಂಡ.

ಗೆಳೆತನಕ್ಕೆ ಇಂಥ ದಾರಿ ನನ್ನ ಬಳಿಯೂ ಇರಲಿಲ್ಲ. ಹಾಡುಗಾರನಿಗೆ ಪತ್ರ ಬರೆ, ಕಳಿಸಬೇಡ, ಇಲ್ಲಿಗೆ ತಾ ಎಂದೆ. ವಿಡಿಯೊ ನೋಡುವುದನ್ನು ಪೂರ್ತಿ ಬಿಡಿಸಲಿಲ್ಲ. ಮಲಗುವ ಕೋಣೆಯಿಂದ ಫೋನ್ ಹೊರಗಿರಲಿ ಎಂದಷ್ಟೇ ಕೇಳಿದೆ. ಜೊತೆಗೆ, ಬ್ಯಾಂಡಿನ ಸುದ್ದಿ ಬಾರದ ಜಾಗದಲ್ಲಿ ವಾರಕ್ಕೊಮ್ಮೆಯಾದರೂ ಡ್ರಮ್ ಬಾರಿಸು ಎಂದೆ.

ವ್ಯಾನ್ ಮಾರಾಟವಾಗಿದೆ, ನಾಲ್ಕು ಪಾಲೂ ಸಂದಿವೆ. ಈಗ ಶನಿವಾರ ಮಕ್ಕಳಿಗೆ ಡ್ರಮ್ ಕಲಿಸುತ್ತಾನೆ. ಪತ್ರ ಮಾತ್ರ ಇನ್ನೂ ಬರೆದಿಲ್ಲ. ಮುಂದಿನ ಭೇಟಿಯಲ್ಲಿ ಅದನ್ನೇ ಕೇಳಬೇಕು.